ಕೀಲಿಮಣೆಯ ದಿನವಹಿ: ಕಲಿಸುವವರ ಕೈಯಲ್ಲಿರಲಿ, ನೇಮಿಸುವವರ ಕೈಗೆ ಬೇಡ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ವರ್ತಕರೂ ಸಣ್ಣ ಉದ್ದಿಮೆದಾರರೂ ಒಂದೆಡೆ ಸೇರಿದಾಗ ಒಂದು ದೂರು ತಪ್ಪದೆ ಕೇಳಿಬರುತ್ತದೆ. "ಹುಡುಗರ ಬಳಿ ಪ್ರಮಾಣಪತ್ರವಿದೆ, ಅಂಕಗಳೂ ಇವೆ, ಆದರೆ ಯಂತ್ರದ ಮುಂದೆ ಕೂರಿಸಿದರೆ ಕೆಲಸ ಸಾಗುವುದಿಲ್ಲ" ಎಂಬುದೇ ಆ ದೂರು. ಈ ದೂರಿನಲ್ಲಿ ಸತ್ಯಾಂಶವಿದೆ. ಆದರೆ ಅದಕ್ಕೆ ಪರಿಹಾರವೆಂದು ಈಚೆಗೆ ಕೆಲವರು ಸೂಚಿಸುತ್ತಿರುವ ಒಂದು ಮಾರ್ಗದ ಬಗ್ಗೆ ನಾವು ಎಚ್ಚರದಿಂದ ಯೋಚಿಸಬೇಕಾಗಿದೆ. ಪ್ರೋಗ್ರಾಂ ಬರೆಯಲು ಕಲಿಯುವ ವಿದ್ಯಾರ್ಥಿಯು ಗಣಕಯಂತ್ರದ ಕೀಲಿಮಣೆಯಲ್ಲಿ ಒತ್ತುವ ಪ್ರತಿಯೊಂದು ಕೀಲಿಯನ್ನೂ ಅದರ ವೇಳೆಯೊಂದಿಗೆ ದಾಖಲಿಸಿ, ಆತ ಹೇಗೆ ಕೆಲಸ ಮಾಡುತ್ತಾನೆಂಬುದನ್ನು ಅರಿಯುವುದೇ ಆ ಮಾರ್ಗ. ಇದು ಬಹು ಉಪಯುಕ್ತವಾದ ವಿಧಾನ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅದು ಯಾರ ಕೈಯಲ್ಲಿರಬೇಕು ಎಂಬುದೇ ಈ ಲೇಖನದ ವಿಷಯ.

ಪ್ರೋಗ್ರಾಮಿಂಗ್ ಎಂಬುದು ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳ ವ್ಯವಹಾರ, ನಮಗೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಮಾಲೂರು, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಿ ಇಂದು ಸಿ.ಎನ್.ಸಿ. ಲೇತ್‌ಗಳು ಸಾಮಾನ್ಯವಾಗಿವೆ. ಅವುಗಳಿಗೆ ಆದೇಶಗಳನ್ನು ಸಾಲು ಸಾಲಾಗಿ ಬರೆದು ಕೊಡುವುದೂ ಪ್ರೋಗ್ರಾಮಿಂಗೇ. ಕೋಲಾರದ ಟೊಮೆಟೊ ಮಾರುಕಟ್ಟೆಯ ಮಂಡಿಯಲ್ಲಿ ಬಿಲ್ಲಿನ ತಂತ್ರಾಂಶವನ್ನು ತಿದ್ದುವವನು, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲಾಟುಗಳ ಲೆಕ್ಕವನ್ನು ಗಣಕಕ್ಕೆ ಹೊಂದಿಸುವವನು, ಮುಳಬಾಗಿಲಿನ ಸಗಟು ವರ್ತಕರ ಜಿ.ಎಸ್.ಟಿ. ವಿವರಗಳನ್ನು ಸಿದ್ಧಪಡಿಸುವವನು, ಇವರೆಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಪ್ರೋಗ್ರಾಮಿಂಗ್‌ನ ಪ್ರಾಥಮಿಕ ಪಾಠವನ್ನು ಕಲಿತಿರಬೇಕಾದವರೇ. ಇವರನ್ನು ನಾವು ಪಡೆಯುವುದು ನಮ್ಮದೇ ಜಿಲ್ಲೆಯ ಐ.ಟಿ.ಐ., ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಂದ.

ಇಬ್ಬರು ತರಬೇತುದಾರರ ಪ್ರಸಂಗ

ಕೆಲವು ವರ್ಷಗಳ ಹಿಂದೆ ನನ್ನ ಕಾರ್ಯಾಗಾರದಲ್ಲಿ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳುವುದು ಸೂಕ್ತ. ಡಿಪ್ಲೊಮಾ ಮುಗಿಸಿದ ಇಬ್ಬರು ಯುವಕರು ತರಬೇತಿಗೆ ಸೇರಿದ್ದರು. ಮೂರು ಮೆಟ್ಟಿಲುಗಳುಳ್ಳ ಒಂದು ಶಾಫ್ಟ್‌ನ ನಕ್ಷೆಯನ್ನು ಇಬ್ಬರಿಗೂ ಕೊಟ್ಟು, ಪ್ರೋಗ್ರಾಂ ಬರೆದು ತುಂಡನ್ನು ಕಡೆಯುವಂತೆ ಹೇಳಿದೆನು. ಸಂಜೆಯ ವೇಳೆಗೆ ಎರಡೂ ತುಂಡುಗಳು ನನ್ನ ಮೇಜಿನ ಮೇಲಿದ್ದವು. ಎರಡೂ ಅಳತೆಗೆ ಸರಿಯಾಗಿದ್ದವು. ಕಾಗದದ ಮೇಲೆ ಇಬ್ಬರೂ ಸಮಾನರೇ.

ಆದರೆ ಆ ದಿನ ಬೇರೊಂದು ಯಂತ್ರದ ದುರಸ್ತಿಯ ನಿಮಿತ್ತ ನಾನು ಅಲ್ಲಿಯೇ ನಿಂತಿದ್ದುದರಿಂದ ಅವರು ಕೆಲಸ ಮಾಡಿದ ರೀತಿಯನ್ನು ಕಣ್ಣಾರೆ ಕಂಡೆನು. ಒಬ್ಬನು ನಾಲ್ಕು ಸಾಲು ಬರೆದು, ಯಂತ್ರವನ್ನು ಸಿಂಗಲ್ ಬ್ಲಾಕ್‌ನಲ್ಲಿಟ್ಟು ಒಂದೊಂದೇ ಸಾಲನ್ನು ನಡೆಸಿ ನೋಡಿ, ಬಳಿಕ ಮುಂದಿನ ನಾಲ್ಕು ಸಾಲು ಬರೆಯುತ್ತಿದ್ದನು. ಇನ್ನೊಬ್ಬನು ಇಡೀ ಪ್ರೋಗ್ರಾಮನ್ನು ಒಂದೇ ಉಸಿರಿಗೆ ಒತ್ತಿದನು. ಅಲಾರಂ ಬಂದಿತು. ಅಲಾರಂನ ಸಂಖ್ಯೆಯನ್ನು ಓದದೆಯೇ ಎಲ್ಲವನ್ನೂ ಅಳಿಸಿ ಮೊದಲಿನಿಂದ ಒತ್ತಿದನು. ಮತ್ತೆ ಅಲಾರಂ ಬಂದಿತು. ಹೀಗೆ ನಾಲ್ಕು ಬಾರಿ ನಡೆಯಿತು. ಅಂಕೆಯ ಮುಂದೆ ದಶಮಾಂಶದ ಚುಕ್ಕೆ ಬಿಟ್ಟುಹೋಗಿದ್ದುದೇ ಮೂಲ ದೋಷ. ಚುಕ್ಕೆಯಿಲ್ಲದೆ 50 ಎಂದು ಬರೆದರೆ ಅನೇಕ ಯಂತ್ರಗಳು ಅದನ್ನು 50 ಮಿಲಿಮೀಟರ್ ಎಂದು ತಿಳಿಯದೆ 50 ಮೈಕ್ರಾನ್ ಎಂದು ತಿಳಿಯುತ್ತವೆ. ಐದನೆಯ ಬಾರಿ ಅಕಸ್ಮಾತ್ತಾಗಿ ಚುಕ್ಕೆಗಳು ಸರಿಯಾಗಿ ಬಿದ್ದವು, ತುಂಡು ಬಂದಿತು. ಏಕೆ ಬಂದಿತೆಂಬುದು ಅವನಿಗೆ ತಿಳಿದಿರಲಿಲ್ಲ.

ಈ ಎರಡನೆಯ ಯುವಕನನ್ನು ನಾನು ಕಳುಹಿಸಿಬಿಡಲಿಲ್ಲ. ಅದಾಗಲೇ ಸೇರಿಸಿಕೊಂಡಾಗಿತ್ತು. ನಮ್ಮ ಹಿರಿಯ ಸೆಟ್ಟರ್ ಒಬ್ಬರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಳಿಸುವುದಕ್ಕೆ ಮುಂಚೆ ಓದಪ್ಪಾ, ಯಂತ್ರ ಏನು ಹೇಳುತ್ತಿದೆ ನೋಡು" ಎಂದು ಎರಡು ವಾರ ಹೇಳಿಕೊಟ್ಟರು. ಇಂದು ಅವನೇ ನನ್ನಲ್ಲಿ ಸೆಟ್ಟರ್ ಆಗಿದ್ದಾನೆ. ಹೊಸಬರಿಗೆ ಅದೇ ಮಾತನ್ನು ಹೇಳುತ್ತಿದ್ದಾನೆ.

ಈ ಪ್ರಸಂಗದಿಂದ ನನಗೆ ಎರಡು ಸಂಗತಿಗಳು ಮನದಟ್ಟಾದವು. ಮೊದಲನೆಯದು, ಸಿದ್ಧವಾದ ತುಂಡು ಹೇಳದಿರುವುದನ್ನು ಕೆಲಸದ ರೀತಿ ಹೇಳುತ್ತದೆ. ಎರಡನೆಯದು, ಆ ರೀತಿಯ ದಾಖಲೆಯು ನೇಮಕಾತಿಗೆ ಮುಂಚೆಯೇ ನನ್ನ ಕೈಗೆ ಬಂದಿದ್ದರೆ ನಾನು ಆ ಯುವಕನನ್ನು ಖಂಡಿತ ತಿರಸ್ಕರಿಸುತ್ತಿದ್ದೆನು, ಮತ್ತು ನನ್ನ ಆ ನಿರ್ಧಾರ ತಪ್ಪಾಗಿರುತ್ತಿತ್ತು.

ಅಢಾವೆ ಪತ್ರಿಕೆಯೂ ದಿನವಹಿಯೂ

ವರ್ತಕರಿಗೆ ಈ ವಿಷಯವನ್ನು ಲೆಕ್ಕಪತ್ರದ ಭಾಷೆಯಲ್ಲಿ ಹೇಳಿದರೆ ಸುಲಭವಾಗಿ ತಿಳಿಯುತ್ತದೆ. ವಿದ್ಯಾರ್ಥಿಯು ಕೊನೆಗೆ ಒಪ್ಪಿಸುವ ಪ್ರೋಗ್ರಾಂ ಅಢಾವೆ ಪತ್ರಿಕೆಯಂತೆ. ವರ್ಷಾಂತ್ಯದ ಸ್ಥಿತಿ ಮಾತ್ರ ಅದರಲ್ಲಿ ಕಾಣುತ್ತದೆ. ಕೀಲಿಗಳ ದಾಖಲೆಯಾದರೋ ದಿನವಹಿಯಂತೆ. ಯಾವ ಕ್ಷಣದಲ್ಲಿ ಯಾವ ಅಕ್ಷರ ಬಂದಿತು, ಯಾವುದು ಅಳಿಸಲ್ಪಟ್ಟಿತು, ಎಲ್ಲಿ ಕೈ ನಿಂತಿತು, ಎಷ್ಟು ಹೊತ್ತು ನಿಂತಿತು, ಪ್ರೋಗ್ರಾಮನ್ನು ನಡೆಸಿ ನೋಡಿದ್ದು ಎಷ್ಟು ಬಾರಿ, ದೋಷದ ಸೂಚನೆ ಬಂದಾಗ ವಿದ್ಯಾರ್ಥಿ ಏನು ಮಾಡಿದನು ಎಂಬುದೆಲ್ಲವೂ ಅದರಲ್ಲಿರುತ್ತದೆ. ಒಂದು ಗಂಟೆಯ ಅಭ್ಯಾಸವನ್ನು ಉಪಾಧ್ಯಾಯರು ಕೆಲವೇ ನಿಮಿಷಗಳಲ್ಲಿ ಮರಳಿ ನಡೆಸಿ ನೋಡಬಹುದು. ಅರವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಒಬ್ಬೊಬ್ಬರ ಹಿಂದೆಯೂ ನಿಂತು ನೋಡಲು ಯಾವ ಉಪಾಧ್ಯಾಯರಿಗೂ ಸಾಧ್ಯವಿಲ್ಲ. ಈ ದಾಖಲೆ ಆ ಕೊರತೆಯನ್ನು ಒಂದಿಷ್ಟು ತುಂಬಬಲ್ಲುದು.

ಈ ಆಲೋಚನೆ ಹೊಸದೇನೂ ಅಲ್ಲ. ಅಮೆರಿಕದ ಬ್ರಯನ್ ಮತ್ತು ಹಾರ್ಟರ್ ಎಂಬ ಸಂಶೋಧಕರು 1897 ಮತ್ತು 1899ರಲ್ಲಿ ತಂತಿ ಕಚೇರಿಯ ಕೆಲಸಗಾರರ ಕಲಿಕೆಯನ್ನು ವಾರ ವಾರವೂ ಅಳೆದು ಪ್ರಕಟಿಸಿದರು. ಸಂದೇಶವನ್ನು ಗ್ರಹಿಸುವ ಕೌಶಲ ಕೆಲವು ಕಾಲ ಏರಿ, ಬಳಿಕ ವಾರಗಟ್ಟಲೆ ನಿಂತಲ್ಲೇ ನಿಂತು, ಮತ್ತೆ ಏರುತ್ತದೆಂಬುದನ್ನು ಅವರು ಕಂಡರು. ಬಿಡಿ ಅಕ್ಷರಗಳನ್ನು ಕೇಳುವುದನ್ನು ಬಿಟ್ಟು ಪದಗಳನ್ನೇ ಕೇಳಲು ಕಿವಿ ಪಳಗುವ ಕಾಲವದು ಎಂದು ಅವರು ವಿವರಿಸಿದರು. ನಮ್ಮ ಊರುಗಳ ಟೈಪಿಂಗ್ ಶಾಲೆಗಳಲ್ಲಿ ಕಲಿತ ಹಿರಿಯರಿಗೆ ಈ ಅನುಭವ ಹೊಸದಲ್ಲ. ತಿಂಗಳುಗಟ್ಟಲೆ ವೇಗ ಏರದಿದ್ದಾಗ ನಿರಾಶರಾಗಿ ಬಿಟ್ಟುಹೋದವರೂ ಇದ್ದರು. ಉಪಾಧ್ಯಾಯರ ಮಾತು ಕೇಳಿ ತಾಳಿದವರು ಮುಂದೆ ಸರ್ಕಾರಿ ಕಚೇರಿಗಳಲ್ಲಿ ಕೆಲಸ ಪಡೆದರು.

ದಾಖಲೆಗಳು ತೋರಿಸಿಕೊಟ್ಟದ್ದು

ಪ್ರೋಗ್ರಾಮಿಂಗ್ ಕಲಿಕೆಯಲ್ಲಿ ಈ ವಿಧಾನ ಕಳೆದ ಎರಡು ದಶಕಗಳಲ್ಲಿ ಬೆಳೆದುಬಂದಿದೆ. ಮ್ಯಾಥ್ಯೂ ಜಡಡ್ ಎಂಬ ಸಂಶೋಧಕರು 2006ರಲ್ಲಿ, ವಿದ್ಯಾರ್ಥಿಯು ಪ್ರೋಗ್ರಾಮನ್ನು ಕಂಪೈಲ್ ಮಾಡಿದಾಗ ಬರುವ ದೋಷ ಮುಂದಿನ ಪ್ರಯತ್ನದಲ್ಲಿಯೂ ಮರುಕಳಿಸುತ್ತದೆಯೇ ಎಂಬುದನ್ನು ಆಧರಿಸಿ ಒಂದು ಅಳತೆಯನ್ನು ರೂಪಿಸಿದರು. ತಪ್ಪು ಮಾಡುವುದು ಸಹಜ. ಅದೇ ತಪ್ಪಿನಲ್ಲಿ ಮತ್ತೆ ಮತ್ತೆ ಸಿಕ್ಕಿಕೊಳ್ಳುವುದೇ ನೆರವು ಬೇಕೆಂಬುದರ ಗುರುತು ಎಂಬುದು ಅದರ ತಿರುಳು. ನನ್ನ ಕಾರ್ಯಾಗಾರದ ಯುವಕನ ಕಥೆಯೂ ಇದೇ ಅಲ್ಲವೆ?

ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದವರು ಜಾವಾ ಭಾಷೆಯ ಆರಂಭಿಕ ಕಲಿಕೆಗಾಗಿ ಬ್ಲೂಜೆ ಎಂಬ ತಂತ್ರಾಂಶವನ್ನು ನಡೆಸುತ್ತಿದ್ದರು. 2013ರಲ್ಲಿ ಅದಕ್ಕೆ ಬ್ಲ್ಯಾಕ್‌ಬಾಕ್ಸ್ ಎಂಬ ಸಂಗ್ರಹವನ್ನು ಜೋಡಿಸಿದರು. ಒಪ್ಪಿಗೆ ನೀಡಿದ ಬಳಕೆದಾರರ ಕೆಲಸದ ದಾಖಲೆ ಮಾತ್ರ, ಹೆಸರಿಲ್ಲದೆ, ಅಲ್ಲಿಗೆ ಸೇರುತ್ತದೆ. ಈ ಸಂಗ್ರಹವನ್ನು ಬಳಸಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಗಮನಾರ್ಹವಾದುದು. ವಿದ್ಯಾರ್ಥಿಗಳು ಯಾವ ತಪ್ಪುಗಳನ್ನು ಹೆಚ್ಚಾಗಿ ಮಾಡುತ್ತಾರೆಂದು ಉಪಾಧ್ಯಾಯರನ್ನು ಕೇಳಿ, ಅವರ ಉತ್ತರಗಳನ್ನು ನಿಜವಾದ ದಾಖಲೆಯೊಂದಿಗೆ ಹೋಲಿಸಲಾಯಿತು. ಉಪಾಧ್ಯಾಯರ ಅಂದಾಜು ದಾಖಲೆಗೂ ಅಷ್ಟಾಗಿ ಹೊಂದಲಿಲ್ಲ, ಪರಸ್ಪರವೂ ಹೊಂದಲಿಲ್ಲ. ದೀರ್ಘಕಾಲದ ಬೋಧನಾನುಭವವಿದ್ದವರ ಅಂದಾಜೂ ವಿಶೇಷವಾಗಿ ಉತ್ತಮವಾಗಿರಲಿಲ್ಲ. ಅನುಭವವೊಂದನ್ನೇ ನಂಬಿ "ಈಗಿನ ಹುಡುಗರಿಗೆ ಇಂಥದ್ದು ಬರುವುದಿಲ್ಲ" ಎಂದು ತೀರ್ಪು ಕೊಡುವ ನಮ್ಮಂತಹ ಮಾಲೀಕರೂ ಇದನ್ನು ನೆನಪಿಡುವುದು ಒಳಿತು.

ನಮ್ಮ ದೇಶದಲ್ಲಿಯೂ ಇಂತಹ ಪ್ರಯತ್ನ ನಡೆದಿದೆ. ಕಾನ್ಪುರದ ಐ.ಐ.ಟಿ.ಯಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸಿ ಭಾಷೆಯನ್ನು ಕಲಿಸಲು ಪ್ರುಟರ್ ಎಂಬ ವ್ಯವಸ್ಥೆಯನ್ನು ರೂಪಿಸಲಾಯಿತು. ಅದರ ಕುರಿತ ಪ್ರಬಂಧ 2016ರಲ್ಲಿ ಹೊರಬಂದಿತು. ವಿದ್ಯಾರ್ಥಿಯ ಅಂತಿಮ ಉತ್ತರವನ್ನಷ್ಟೇ ಇಟ್ಟುಕೊಳ್ಳದೆ, ನಡುನಡುವಿನ ರೂಪಗಳನ್ನೂ ಅದು ಸಂಗ್ರಹಿಸುತ್ತದೆ; ಆ ಸಂಗ್ರಹದ ಆಧಾರದ ಮೇಲೆ ವಿದ್ಯಾರ್ಥಿಗೆ ಸುಳಿವುಗಳನ್ನು ನೀಡುವ ಪ್ರಯೋಗಗಳೂ ನಡೆದಿವೆ. ದಾಖಲೆ ಇಟ್ಟದ್ದು ಕಲಿಸುವ ಸಲುವಾಗಿ ಎಂಬುದನ್ನು ಇಲ್ಲಿ ಗಮನಿಸಬೇಕು.

ನಮ್ಮ ಪ್ರಯೋಗಾಲಯಗಳಲ್ಲಿ ಏನು ಕಾಣಬಹುದು?

ಈ ವಿಧಾನವನ್ನು ನಮ್ಮ ಜಿಲ್ಲೆಯ ಕಾಲೇಜುಗಳು ಅಳವಡಿಸಿಕೊಂಡರೆ ಮೊದಲು ಬಯಲಾಗುವುದು ನಮ್ಮ ಪಾಠಕ್ರಮದ ದೋಷವೇ ಎಂಬುದು ನನ್ನ ಅನಿಸಿಕೆ. ನಮ್ಮ ಪ್ರಯೋಗಾಲಯಗಳ ಪದ್ಧತಿ ಎಲ್ಲರಿಗೂ ಗೊತ್ತಿರುವಂಥದು. ವರ್ಷದ ಆರಂಭದಲ್ಲಿಯೇ ಪ್ರೋಗ್ರಾಮುಗಳ ಪಟ್ಟಿ ಸಿದ್ಧವಿರುತ್ತದೆ. ವಿದ್ಯಾರ್ಥಿಯು ಪ್ರೋಗ್ರಾಮನ್ನು ಮೊದಲು ಅಬ್ಸರ್ವೇಷನ್ ಪುಸ್ತಕದಲ್ಲಿ ಬರೆದು ಸಹಿ ಪಡೆಯುತ್ತಾನೆ. ಅದನ್ನು ನೋಡಿ ಗಣಕಕ್ಕೆ ಒತ್ತುತ್ತಾನೆ. ಬಳಿಕ ರೆಕಾರ್ಡ್ ಪುಸ್ತಕಕ್ಕೆ ಅಂದವಾಗಿ ಇಳಿಸುತ್ತಾನೆ. ಪರೀಕ್ಷೆಯಲ್ಲಿ ಅದೇ ಪಟ್ಟಿಯಿಂದ ಒಂದು ಬರುತ್ತದೆ. ಬಾಯಿಪಾಠ ಮಾಡಿದವನಿಗೆ ಒಳ್ಳೆಯ ಅಂಕಗಳು ಬರುತ್ತವೆ.

ಇಂತಹ ವಿದ್ಯಾರ್ಥಿಯ ಕೀಲಿಗಳ ದಾಖಲೆಯಲ್ಲಿ ಏನಿರುತ್ತದೆ? ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಡೆಯಿಲ್ಲದ ಓಟವಿರುತ್ತದೆ. ಯೋಚಿಸಿದ ಕುರುಹು ಇರುವುದಿಲ್ಲ. ನಡುವೆ ಅರ್ಧವಿರಾಮದ ಚಿಹ್ನೆಯೊಂದು ತಪ್ಪಿದರೆ ಎಲ್ಲವೂ ನಿಲ್ಲುತ್ತದೆ. ಕಾರಣ ತಿಳಿಯದೆ, ಪುಸ್ತಕದೊಂದಿಗೆ ಅಕ್ಷರ ಅಕ್ಷರವನ್ನೂ ಹೋಲಿಸುವುದೊಂದೇ ಉಳಿದಿರುವ ದಾರಿ. ನನ್ನ ಬಳಿಗೆ ಬಂದ ಯುವಕನು ಎಲ್ಲವನ್ನೂ ಅಳಿಸಿ ಮೊದಲಿನಿಂದ ಒತ್ತುತ್ತಿದ್ದುದು ಸೋಮಾರಿತನದಿಂದಲ್ಲ, ದಡ್ಡತನದಿಂದಲೂ ಅಲ್ಲ. ಮೂರು ವರ್ಷ ಅವನಿಗೆ ಕಲಿಸಿದ್ದೇ ಅದನ್ನು. ಬರೆದದ್ದನ್ನು ಒಪ್ಪಿಸುವುದು ಅವನಿಗೆ ಬರುತ್ತಿತ್ತು. ತಪ್ಪನ್ನು ಹುಡುಕುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಇದರೊಂದಿಗೆ ಈಗ ಮತ್ತೊಂದು ಸಮಸ್ಯೆ ಸೇರಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ, ಕೇಳಿದೊಡನೆ ಪ್ರೋಗ್ರಾಂ ಬರೆದುಕೊಡುವ ಸಾಧನಗಳು ಪ್ರತಿಯೊಬ್ಬ ವಿದ್ಯಾರ್ಥಿಯ ಮೊಬೈಲ್‌ನಲ್ಲಿವೆ. ಸಿದ್ಧ ಉತ್ತರವನ್ನು ನೋಡಿ ವಿದ್ಯಾರ್ಥಿಯನ್ನು ಅಳೆಯುವುದು ಹಿಂದೆ ಕಷ್ಟವಾಗಿತ್ತು, ಈಗ ಬಹುಮಟ್ಟಿಗೆ ಅಸಾಧ್ಯವಾಗಿದೆ. ಉತ್ತರ ಹಂತಹಂತವಾಗಿ ಬೆಳೆಯಿತೋ ಅಥವಾ ಒಮ್ಮೆಗೇ ಬಂದು ಕುಳಿತಿತೋ ಎಂಬುದನ್ನು ಕೀಲಿಗಳ ದಾಖಲೆ ತೋರಿಸಬಲ್ಲುದಾದ್ದರಿಂದ ಕಾಲೇಜುಗಳಿಗೆ ಅದರ ಮೇಲೆ ಆಸಕ್ತಿ ಹೆಚ್ಚುವುದು ಸಹಜ. ಆದರೂ ಇಲ್ಲಿ ಎಚ್ಚರ ಬೇಕು. ಪುಸ್ತಕದಲ್ಲಿ ಸ್ವತಃ ಯೋಚಿಸಿ ಬರೆದು ಬಂದ ಪ್ರಾಮಾಣಿಕ ವಿದ್ಯಾರ್ಥಿಯ ದಾಖಲೆಯೂ, ಮೊಬೈಲ್ ನೋಡಿಕೊಂಡು ಒತ್ತಿದವನ ದಾಖಲೆಯೂ ಒಂದೇ ಬಗೆಯಾಗಿ ಕಾಣಬಹುದು. ದಾಖಲೆಯಿಂದ ಸಂಶಯ ಹುಟ್ಟಬಹುದು. ಅಪರಾಧ ಸಾಬೀತಾಗದು.

ದಾಖಲೆಯ ಮಿತಿಗಳು

ದಿನವಹಿಯನ್ನು ಓದಲು ಬಾರದವನ ಕೈಗೆ ಅದನ್ನು ಕೊಟ್ಟರೆ ಅನರ್ಥವಾಗುತ್ತದೆ. ಕೀಲಿಗಳ ನಡುವಿನ ಅಂತರಕ್ಕೂ ಪ್ರೋಗ್ರಾಮಿಂಗ್‌ನ ಫಲಿತಾಂಶಕ್ಕೂ ಒಂದಿಷ್ಟು ಸಂಬಂಧವಿದೆಯೆಂದು 2005ರಿಂದೀಚೆಗೆ ಹಲವು ಅಧ್ಯಯನಗಳು ತೋರಿಸಿರುವುದು ನಿಜ. ಆದರೆ ಒಂದೆಡೆ ಕಂಡ ಸಂಬಂಧ ಇನ್ನೊಂದೆಡೆ ಹಾಗೆಯೇ ಕಾಣುವುದಿಲ್ಲ. ಜಡಡ್ ಅವರ ಅಳತೆಯನ್ನು ಬೇರೆ ಬೇರೆ ಸಂಸ್ಥೆಗಳಲ್ಲಿ 2015ರಲ್ಲಿ ಪರೀಕ್ಷಿಸಿದಾಗ ಅದು ಎಲ್ಲೆಡೆಯೂ ಒಂದೇ ತೆರನಾಗಿ ಕೆಲಸ ಮಾಡಲಿಲ್ಲ. ಫಿನ್‌ಲೆಂಡ್ ಮತ್ತು ಅಮೆರಿಕದ ವಿದ್ಯಾರ್ಥಿಗಳ ಕೀಲಿಗಳ ದಾಖಲೆಯನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವು, ವಿದ್ಯಾರ್ಥಿಗಳು ಬರೆಯುವ ಭಾಷೆ ಮತ್ತು ಕಲಿಯುವ ಪ್ರೋಗ್ರಾಮಿಂಗ್ ಭಾಷೆ ಎರಡೂ ಈ ಊಹೆಗಳ ಮೇಲೆ ಪ್ರಭಾವ ಬೀರುತ್ತವೆಂದು ತಿಳಿಸಿತು.

ನಮ್ಮ ಗಡಿ ಜಿಲ್ಲೆಯ ಮಟ್ಟಿಗೆ ಇದು ಬಹು ಮುಖ್ಯವಾದ ಮಾತು. ಇಲ್ಲಿನ ವಿದ್ಯಾರ್ಥಿಗೆ ಮನೆಯಲ್ಲಿ ತೆಲುಗು, ಇಲ್ಲವೆ ಉರ್ದು, ಇಲ್ಲವೆ ಕನ್ನಡ, ಶಾಲೆಯಲ್ಲಿ ಕನ್ನಡ, ಡಿಪ್ಲೊಮಾಕ್ಕೆ ಬಂದೊಡನೆ ಇಂಗ್ಲಿಷ್. ಇಂಗ್ಲಿಷ್ ಕೀಲಿಮಣೆಯ ಮುಂದೆ ಮೊದಲ ಬಾರಿಗೆ ಕುಳಿತದ್ದೇ ಪ್ರಯೋಗಾಲಯದಲ್ಲಿ ಎನ್ನುವವರು ಕಡಿಮೆಯಿಲ್ಲ. ಒಂದು ಗಣಕಕ್ಕೆ ಇಬ್ಬರು ವಿದ್ಯಾರ್ಥಿಗಳು ಕುಳಿತರೆ ದಾಖಲೆ ಯಾರದು? ನಡುವೆ ವಿದ್ಯುತ್ ಹೋದರೆ, ಆ ದೀರ್ಘ ವಿರಾಮವನ್ನು ಚಿಂತನೆ ಎನ್ನೋಣವೆ, ಅಜ್ಞಾನ ಎನ್ನೋಣವೆ? ಮನೆಯಲ್ಲಿ ಗಣಕವಿಲ್ಲದ ಶ್ರೀನಿವಾಸಪುರದ ಹಳ್ಳಿಯ ಹುಡುಗಿಯ ಬೆರಳು ನಿಧಾನವಾಗಿ ಸಾಗಿದರೆ ಅದು ಆಕೆಯ ಬುದ್ಧಿಯ ಅಳತೆಯಲ್ಲ. ತನ್ನ ವಿದ್ಯಾರ್ಥಿಗಳ ಪರಿಸ್ಥಿತಿಯನ್ನು ಬಲ್ಲ ಉಪಾಧ್ಯಾಯರಿಗೆ ಇದು ತಿಳಿಯುತ್ತದೆ. ದೂರದ ಕಚೇರಿಯಲ್ಲಿ ಕುಳಿತು ಅಂಕಿಯನ್ನಷ್ಟೇ ನೋಡುವ ಮಾಲೀಕನಿಗೆ ತಿಳಿಯುವುದಿಲ್ಲ.

"ದುಡ್ಡು ಕೊಡುವವರು ನಾವು, ನೋಡಿದರೆ ತಪ್ಪೇನು?"

ಈ ಪ್ರಶ್ನೆಯನ್ನು ನನ್ನ ಮಿತ್ರರಾದ ಸದಸ್ಯರೊಬ್ಬರು ನೇರವಾಗಿಯೇ ಕೇಳಿದರು. ಲಾರಿಯಲ್ಲಿ ಬಂದ ಸರಕನ್ನು ಬಿಚ್ಚಿ ನೋಡದೆ ಕೊಳ್ಳುತ್ತೇವೆಯೆ ಎಂಬುದು ಅವರ ವಾದ. ವಾದದಲ್ಲಿ ಬಲವಿಲ್ಲವೆಂದು ನಾನು ಹೇಳುವುದಿಲ್ಲ. ಅಭ್ಯರ್ಥಿಯನ್ನು ಪರೀಕ್ಷಿಸುವ ಹಕ್ಕು ನಮಗಿದೆ. ಆದರೆ ಪರೀಕ್ಷೆಯ ದಿನದ ಕೆಲಸವನ್ನು ನೋಡುವುದು ಬೇರೆ, ಕಲಿಯುವ ದಿನಗಳ ತಪ್ಪುಗಳನ್ನೆಲ್ಲ ಕೆದಕುವುದು ಬೇರೆ. ಟೊಮೆಟೊವನ್ನು ನಾವು ಹರಾಜಿನ ಕಟ್ಟೆಯ ಮೇಲೆ ನೋಡಿ ಕೂಗುತ್ತೇವೆ. ಸಸಿಯಾಗಿದ್ದಾಗ ಎಷ್ಟು ಬಾರಿ ಬಾಡಿತ್ತೆಂದು ರೈತನನ್ನು ಕೇಳುವುದಿಲ್ಲ.

ಇನ್ನೊಂದು ಪ್ರಾಯೋಗಿಕ ಕಾರಣವೂ ಇದೆ. ದಾಖಲೆಯನ್ನು ಮುಂದೊಂದು ದಿನ ಮಾಲೀಕನು ನೋಡುತ್ತಾನೆಂದು ತಿಳಿದ ವಿದ್ಯಾರ್ಥಿಯು ತಪ್ಪು ಮಾಡಲು ಹೆದರುತ್ತಾನೆ. ಮೊದಲೇ ಬಾಯಿಪಾಠ ಮಾಡಿ ಬಂದು, ದಾಖಲೆ ಅಂದವಾಗಿ ಕಾಣುವಂತೆ ಒತ್ತುತ್ತಾನೆ. ಆಗ ದಿನವಹಿಯೂ ರೆಕಾರ್ಡ್ ಪುಸ್ತಕದಂತೆಯೇ ಆಗುತ್ತದೆ. ತೆರಿಗೆ ಅಧಿಕಾರಿಗೆ ತೋರಿಸಲೆಂದೇ ಬರೆದ ಲೆಕ್ಕದಿಂದ ವ್ಯಾಪಾರದ ನಿಜಸ್ಥಿತಿ ತಿಳಿಯುವುದಿಲ್ಲವೆಂಬುದು ವರ್ತಕರಿಗೆ ಹೊಸತೇನಲ್ಲ. ಹಾಗೆ ಆದ ಮೇಲೆ ಆ ದಾಖಲೆ ಉಪಾಧ್ಯಾಯರಿಗೂ ಉಪಯೋಗವಿಲ್ಲ, ನಮಗೂ ಇಲ್ಲ.

ಯಂತ್ರದ ದಾಖಲೆಯನ್ನು ಕಣ್ಣುಮುಚ್ಚಿ ನಂಬಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ವಿಚಾರವಾಗಿ ಭುಗಿಲೆದ್ದ ಹಿಂಸೆಯನ್ನು ಯಾರೂ ಮರೆತಿಲ್ಲ. ಹಿಂಸೆಯನ್ನು ಯಾವ ಕಾರಣಕ್ಕೂ ಸಮರ್ಥಿಸಲಾಗದು. ಆದರೆ ಪಾಳಿಯ ಅವಧಿ ಬದಲಾದಾಗ ಹಾಜರಿಯನ್ನು ದಾಖಲಿಸುವ ವ್ಯವಸ್ಥೆಯನ್ನು ಅದಕ್ಕೆ ತಕ್ಕಂತೆ ಸರಿಪಡಿಸಿರಲಿಲ್ಲವೆಂಬ ಲೋಪವೂ ಆ ಬಳಿಕ ನಡೆದ ಸರ್ಕಾರಿ ಪರಿಶೀಲನೆಯಲ್ಲಿ ಕಂಡುಬಂದಿತು. ಕೆಲಸಗಾರನು ತನ್ನ ದಾಖಲೆಯನ್ನು ತಾನೇ ನೋಡಿ, "ಇದು ತಪ್ಪು" ಎಂದು ಹೇಳುವ ಅವಕಾಶ ಇಲ್ಲದೆಡೆ ದಾಖಲೆ ಎಷ್ಟು ನಿಖರವಾಗಿದ್ದರೂ ನಂಬಿಕೆ ಉಳಿಯುವುದಿಲ್ಲ. ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಜಿಡ್ಡಿನಂಶವನ್ನು ಅಳೆದ ಚೀಟಿ ಮೊದಲು ಹಾಲು ತಂದವರ ಕೈಗೇ ಹೋಗುತ್ತದೆ. ಅಳತೆಯ ಬಗ್ಗೆ ತಕರಾರಿದ್ದರೆ ಅಲ್ಲಿಯೇ ಕೇಳಬಹುದು. ಕೀಲಿಗಳ ದಾಖಲೆಗೂ ಇದೇ ನ್ಯಾಯ ಸಲ್ಲಬೇಕು.

ಕಾನೂನು ಏನು ಹೇಳುತ್ತದೆ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ನಮ್ಮ ಸದಸ್ಯರು ತಿಳಿದಿರುವುದು ಅವಶ್ಯ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಪ್ರಮುಖ ಹೊಣೆಗಾರಿಕೆಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಈ ಕಾಯಿದೆಯ ಪ್ರಕಾರ 18 ವರ್ಷ ತುಂಬದವರು ಮಕ್ಕಳು. ಮಕ್ಕಳ ಚಲನವಲನ ಮತ್ತು ವರ್ತನೆಯ ಮೇಲೆ ನಿಗಾ ಇಡುವುದನ್ನು ಕಾಯಿದೆ ನಿಷೇಧಿಸಿದೆ. ಶಿಕ್ಷಣ ಸಂಸ್ಥೆಗಳಿಗೆ ತಮ್ಮ ಶೈಕ್ಷಣಿಕ ಚಟುವಟಿಕೆಗಾಗಿ ಮತ್ತು ಮಕ್ಕಳ ಸುರಕ್ಷತೆಗಾಗಿ ನಿಯಮಗಳಲ್ಲಿ ವಿನಾಯಿತಿ ಇದೆ. ಎಸ್.ಎಸ್.ಎಲ್.ಸಿ. ಮುಗಿಸಿ ನೇರವಾಗಿ ಪಾಲಿಟೆಕ್ನಿಕ್ ಸೇರುವ ವಿದ್ಯಾರ್ಥಿಗೆ ಸಾಮಾನ್ಯವಾಗಿ 16 ವರ್ಷ. ಆತನ ಕೀಲಿಗಳನ್ನು ಕಲಿಕೆಯ ಸಲುವಾಗಿ ಕಾಲೇಜು ದಾಖಲಿಸಬಹುದು. ಆದರೆ ಅದೇ ದಾಖಲೆಯನ್ನು ಉದ್ಯೋಗದಾತರಿಗೆ ಒಪ್ಪಿಸುವುದು ಶೈಕ್ಷಣಿಕ ಚಟುವಟಿಕೆ ಎನಿಸಿಕೊಳ್ಳುವುದು ಕಷ್ಟ. ಮಕ್ಕಳಿಗೆ ಸಂಬಂಧಿಸಿದ ಹೊಣೆಗಾರಿಕೆಯನ್ನು ಉಲ್ಲಂಘಿಸಿದರೆ 200 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಹೆಸರನ್ನು ತೆಗೆದುಬಿಟ್ಟರೆ ಸಾಲದೆ ಎಂದು ಕೇಳಬಹುದು, ಸಾಲದು. ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ, ಶತ್ರುಪಕ್ಷದ ಸಂದೇಶಗಳನ್ನು ಕದ್ದು ಕೇಳುತ್ತಿದ್ದವರು ಕಳುಹಿಸುವವನ ಕೈಯ ಲಯದಿಂದಲೇ ಆತನನ್ನು ಗುರುತಿಸುತ್ತಿದ್ದರು. ಕೀಲಿಗಳನ್ನು ಒತ್ತುವ ಲಯದಿಂದ ಪ್ರೋಗ್ರಾಂ ಬರೆದ ವಿದ್ಯಾರ್ಥಿ ಯಾರೆಂದು ಹೇಳಬಹುದೆಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಕೈಬರಹದಂತೆಯೇ ಕೀಲಿಗಳ ಲಯವೂ ವ್ಯಕ್ತಿಯ ಗುರುತು.

ನಾವು ಮಾಡಬಹುದಾದ್ದು

ಟೀಕೆ ಮಾಡಿ ಸುಮ್ಮನಾಗುವುದು ವರ್ತಕರ ಸಂಸ್ಥೆಗೆ ಭೂಷಣವಲ್ಲ. ಆದುದರಿಂದ ಸದಸ್ಯರ ಪರಿಶೀಲನೆಗಾಗಿ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ನಮ್ಮ ಸದಸ್ಯರು ಯಾವ ಅಭ್ಯರ್ಥಿಯಿಂದಲೂ, ಯಾವ ಕಾಲೇಜಿನಿಂದಲೂ ಒಬ್ಬ ವಿದ್ಯಾರ್ಥಿಯ ಕೀಲಿಗಳ ದಾಖಲೆಯನ್ನು ಕೇಳಬಾರದೆಂದು ಸಂಸ್ಥೆ ಒಂದು ನಿರ್ಣಯವನ್ನು ಅಂಗೀಕರಿಸಬೇಕು. ನಾವು ಕೇಳಬಹುದಾದ್ದು ತರಗತಿಯ ಒಟ್ಟು ಚಿತ್ರಣವನ್ನು ಮಾತ್ರ. ಯಾವ ಪಾಠದಲ್ಲಿ ಹೆಚ್ಚಿನವರು ಸಿಕ್ಕಿಕೊಳ್ಳುತ್ತಾರೆ, ದೋಷದ ಸೂಚನೆಯನ್ನು ಓದಿ ತಿದ್ದುವ ಅಭ್ಯಾಸ ವರ್ಷಾಂತ್ಯಕ್ಕೆ ಬೆಳೆದಿದೆಯೇ ಎಂಬುದು ತಿಳಿದರೆ, ಹೊಸಬರಿಗೆ ನಮ್ಮಲ್ಲಿ ಏನನ್ನು ಹೇಳಿಕೊಡಬೇಕೆಂಬುದು ಗೊತ್ತಾಗುತ್ತದೆ.

ಎರಡನೆಯದಾಗಿ, ದಾಖಲೆ ಇಡುವ ಕಾಲೇಜುಗಳು ಅದರ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿಯೂ, ಅವಶ್ಯವಿದ್ದೆಡೆ ತೆಲುಗು ಮತ್ತು ಉರ್ದುವಿನಲ್ಲಿಯೂ ಕೊಡುವಂತೆ ನಾವು ಒತ್ತಾಯಿಸಬೇಕು. ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಅದನ್ನು ಓದುವ ಆಯ್ಕೆಯನ್ನು ಕಾಯಿದೆಯೇ ನೀಡಿದೆ. ದಾಖಲೆಯನ್ನು ಮೊದಲು ನೋಡುವವನು ವಿದ್ಯಾರ್ಥಿಯೇ ಆಗಿರಬೇಕು. ತನ್ನ ಕೈ ಎಲ್ಲಿ ನಿಂತಿತೆಂಬುದನ್ನು ತಾನೇ ಕಂಡವನು ಅರ್ಧ ಪಾಠವನ್ನು ತಾನಾಗಿಯೇ ಕಲಿಯುತ್ತಾನೆ. ವರ್ಷ ಮುಗಿದ ಮೇಲೆ ಅದನ್ನು ಅಳಿಸಿಹಾಕಬೇಕು.

ಮೂರನೆಯದಾಗಿ, ಬಾಯಿಪಾಠಕ್ಕೆ ಸಿಕ್ಕದ ಲೆಕ್ಕಗಳನ್ನು ನಾವೇ ಕಾಲೇಜುಗಳಿಗೆ ಒದಗಿಸಬೇಕು. 15 ಕಿಲೋ ತೂಕದ ಟೊಮೆಟೊ ಬಾಕ್ಸ್‌ಗಳು ಮೂರು ದರಗಳಲ್ಲಿ ಮಾರಾಟವಾದಾಗ ಹಮಾಲಿ ಮತ್ತು ಬಾಡಿಗೆಯನ್ನು ಕಳೆದು ರೈತನಿಗೆ ಸಲ್ಲಬೇಕಾದ ಮೊತ್ತವೆಷ್ಟು? ಸುಡುವಾಗ ಒಡೆದ ಹೆಂಚುಗಳನ್ನು ಬಿಟ್ಟು ಒಂದು ಗೂಡಿನ ಉತ್ಪಾದನಾ ವೆಚ್ಚವೆಷ್ಟು? ಇಂತಹ ಪ್ರಶ್ನೆಗಳು ನಮ್ಮ ಪ್ರತಿಯೊಂದು ಗಲ್ಲಾಪೆಟ್ಟಿಗೆಯ ಬಳಿಯೂ ಇವೆ. ತಿಂಗಳಿಗೊಂದನ್ನು ಬರೆದು ಕಳುಹಿಸಲು ನಮಗೆ ಖರ್ಚೇನೂ ಇಲ್ಲ. ಉದ್ದೇಶಪೂರ್ವಕವಾಗಿ ಒಂದೆರಡು ದೋಷಗಳನ್ನಿಟ್ಟ ಪ್ರೋಗ್ರಾಮನ್ನು ಕೊಟ್ಟು ತಿದ್ದಲು ಹೇಳುವ ಪರೀಕ್ಷೆಯನ್ನೂ ಕಾಲೇಜುಗಳು ನಡೆಸಲಿ.

ನಾಲ್ಕನೆಯದಾಗಿ, ಅಭ್ಯರ್ಥಿಯ ಕೆಲಸದ ರೀತಿಯನ್ನು ನೋಡಲೇಬೇಕೆನ್ನುವವರಿಗೆ ನೇರವಾದ ದಾರಿಯೊಂದಿದೆ. 1961ರ ಶಿಕ್ಷಣಾರ್ಥಿಗಳ ಕಾಯಿದೆಯಡಿ 30 ಮತ್ತು ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಸಿಬ್ಬಂದಿ ಇರುವ ಸಂಸ್ಥೆಗಳಿಗೆ ಅದು ಐಚ್ಛಿಕ. ನಮ್ಮ ಬಹುಪಾಲು ಸದಸ್ಯರು ಈ ಎರಡನೆಯ ವರ್ಗದವರು. ಐಚ್ಛಿಕವೆಂದು ಬಿಟ್ಟವರೇ ಹೆಚ್ಚು. ಒಬ್ಬ ಅಪ್ರೆಂಟಿಸ್‌ನನ್ನು ತೆಗೆದುಕೊಂಡು, ಒಬ್ಬ ಹಿರಿಯ ಕೆಲಸಗಾರರನ್ನು ಅವನ ಪಕ್ಕದಲ್ಲಿ ಕೂರಿಸಿದರೆ ಯಾವ ತಂತ್ರಾಂಶವೂ ಇಲ್ಲದೆ ಎಲ್ಲವೂ ಕಾಣುತ್ತದೆ. ಕಂಡ ತಪ್ಪನ್ನು ಅಲ್ಲಿಯೇ ತಿದ್ದಲೂಬಹುದು.

ನನ್ನ ಕಾರ್ಯಾಗಾರದ ಆ ಯುವಕನನ್ನು ಕುರಿತು ಕೊನೆಯದಾಗಿ ಒಂದು ಮಾತು. ಅವನು ನಾಲ್ಕು ಬಾರಿ ಅಳಿಸಿದ್ದನ್ನು ಕಂಡವರು ನಾನೂ ನಮ್ಮ ಹಿರಿಯ ಸೆಟ್ಟರೂ ಇಬ್ಬರೇ. ಅದು ಎಲ್ಲಿಯೂ ದಾಖಲಾಗಲಿಲ್ಲ, ಬೇರೆ ಯಾವ ಮಾಲೀಕನ ಮೇಜಿಗೂ ಹೋಗಲಿಲ್ಲ. ಕಂಡವರು ಅದನ್ನು ಅವನಿಗೆ ಕಲಿಸಲು ಬಳಸಿದರು. ನಮ್ಮ ನಾಲ್ಕು ತಾಲ್ಲೂಕುಗಳ ಮಕ್ಕಳು ಪ್ರಯೋಗಾಲಯದಲ್ಲಿ ಮಾಡುವ ತಪ್ಪುಗಳಿಗೂ ಇಷ್ಟೇ ಮರ್ಯಾದೆ ದೊರೆತರೆ, ಇಂದು ನಾವು ದೂರುತ್ತಿರುವ ಕೆಲಸಗಾರರ ಕೊರತೆ ಬಹುಮಟ್ಟಿಗೆ ನೀಗೀತೆಂಬುದು ನನ್ನ ದೃಢವಾದ ನಂಬಿಕೆ. ಮೇಲಿನ ಸಲಹೆಗಳ ಬಗ್ಗೆ ಸದಸ್ಯ ಬಾಂಧವರು ತಮ್ಮ ಅಭಿಪ್ರಾಯಗಳನ್ನು, ಭಿನ್ನಾಭಿಪ್ರಾಯವಿದ್ದರೆ ಅದನ್ನೂ, ಪತ್ರಿಕೆಗೆ ಬರೆದು ತಿಳಿಸಬೇಕಾಗಿ ವಿನಂತಿಸುತ್ತೇನೆ.